ಆತಿಥೇಯರ ಮನೆಯಲ್ಲಿದ್ದುಕೊಂಡು ಗೆಳತಿಯರ ಜೊತೆ ಊರು ನೋಡಲು ಹೋಗಬಹುದೇ? ಅನುಭವ ಇದ್ದವರು ಹೇಳಿ

ಕಲಬುರಗಿಯ ತಾಯಿಯೊಬ್ಬರ ಪ್ರಶ್ನೆ:

ನನ್ನ ಮಗಳಿಗೆ ಹದಿನೇಳು ವರ್ಷ. ರೋಟರಿ ವಿದ್ಯಾರ್ಥಿ ವಿನಿಮಯದಲ್ಲಿ ಜರ್ಮನಿಯ ಫ್ರೈಬುರ್ಗ್‌ಗೆ ಹೋಗಿ ಅಲ್ಲಿನ ಒಂದು ಕುಟುಂಬದಲ್ಲಿ ಇದ್ದಾಳೆ. ಬರುವ ಶನಿವಾರ ಗಡಿಯಾಚೆಯ ಸ್ಟ್ರಾಸ್‌ಬರ್ಗ್ ನೋಡಲು ತರಗತಿಯ ಗೆಳತಿಯರು ಕರೆಯುತ್ತಿದ್ದಾರೆ. ಮನೆಯವರನ್ನು ಕೇಳಲು ಇವಳಿಗೆ ಸಂಕೋಚ. ನಮ್ಮ ಜೊತೆ ಇರಲು ಬೇಸರವೇನೋ ಎಂದುಕೊಂಡಾರು ಎಂಬ ಅಳುಕು. ರಾತ್ರಿ ಫೋನ್ ಮಾಡಿ ನನ್ನನ್ನೇ ಕೇಳುತ್ತಾಳೆ. ನಾನು ಸೊಲ್ಲಾಪುರ, ಹೈದರಾಬಾದ್ ದಾಟಿದವಳಲ್ಲ. ಏನು ಹೇಳಲಿ?

ಬೀದರ್‌ನಿಂದ:

ಅಕ್ಕಾ, ನಾನು ಅದೇ ಸೀಮೆಯಲ್ಲಿ ಹತ್ತು ತಿಂಗಳು ಒಂದು ಕುಟುಂಬದ ಜೊತೆ ಇದ್ದೆ. ಮಕ್ಕಳು ಹೊರಗೆ ಹೋದರೆ ಅವರಿಗೆ ಖುಷಿಯೇ. ಹೇಳದೆ ತಡಮಾಡಿದರೆ ಮಾತ್ರ ಬಹಳ ನೋಯುತ್ತಾರೆ.

ನಮ್ಮ ಮನೆಗಳಲ್ಲಿ ಬುಟ್ಟಿಯ ತುಂಬ ಖಡಕ್ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಹಿಂಡಿ ಇದ್ದೇ ಇರುತ್ತವೆ. ಮಗ ಎಂಟಕ್ಕೆ ಬರಲಿ, ಹತ್ತಕ್ಕೆ ಬರಲಿ, ಜೊತೆಗೆ ಇಬ್ಬರನ್ನು ಕರೆತರಲಿ, ಊಟಕ್ಕೆ ಕೊರತೆಯಿಲ್ಲ. ನಾನಿದ್ದ ಮನೆಯಲ್ಲಿ ತಲೆಗೆ ಇಷ್ಟೆಂದು ಎಣಿಸಿ ಆಲೂಗಡ್ಡೆ ಬೇಯಿಸುತ್ತಿದ್ದರು. ಎಲ್ಲರೂ ಕುಳಿತ ಮೇಲೆಯೇ ಊಟ ಶುರು. ಒಂದು ಶನಿವಾರ ಏಳಕ್ಕೆ ಬರುತ್ತೇನೆಂದು ಹೋದವನು ಓಫೆನ್‌ಬುರ್ಗ್‌ನಲ್ಲಿ ರೈಲು ತಪ್ಪಿಸಿಕೊಂಡೆ. ಮೊಬೈಲ್‌ನ ಚಾರ್ಜ್ ಮುಗಿದಿತ್ತು. ಗೆಳೆಯರ ಫೋನ್ ಪಡೆದು ಒಂದು ಸಂದೇಶ ಕಳಿಸಬೇಕೆಂದು ತೋಚಲೇ ಇಲ್ಲ. ಒಂಬತ್ತೂವರೆಗೆ ಬಾಗಿಲು ತೆರೆದರೆ ಮೇಜಿನ ಮೇಲೆ ನನ್ನ ತಟ್ಟೆ, ಅದಕ್ಕೆ ಇನ್ನೊಂದು ತಟ್ಟೆ ಮುಚ್ಚಿತ್ತು. ಆ ಮನೆಯ ತಾಯಿ ನನ್ನನ್ನು ಹುಡುಕಲು ನಿಲ್ದಾಣಕ್ಕೆ ಹೊರಡಲೆಂದು ಕೋಟು ತೊಟ್ಟು ಕುಳಿತಿದ್ದರು. ಬೈಯಲಿಲ್ಲ. ಊಟ ಬಿಸಿ ಮಾಡಿಕೊಟ್ಟು ಮಲಗಲು ಹೋದರು. ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ತೋರಿಸಿದರು. ಅಲ್ಲಿನ ಎಷ್ಟೋ ಮನೆಗಳಲ್ಲಿ ಇಂಥದ್ದಿರುತ್ತದೆ, ಮನೆಯ ಒಬ್ಬೊಬ್ಬರಿಗೂ ಒಂದೊಂದು ಕಾಲಂ. ಅಪ್ಪನ ಹಲ್ಲಿನ ಡಾಕ್ಟರ್ ಭೇಟಿ, ಮಗಳ ಪಿಟೀಲು ಪಾಠ, ಎಲ್ಲ ಅದರಲ್ಲಿ. ಕೊನೆಯ ಕಾಲಂನ ಮೇಲೆ ನನ್ನ ಹೆಸರಿತ್ತು. ನಾನು ಬಂದ ದಿನವೇ ಬರೆದಿದ್ದರಂತೆ. ಎರಡು ತಿಂಗಳಿಂದ ಅದು ಖಾಲಿ.

ಮಗಳ ಮನೆಯಲ್ಲೂ ಅಂಥದ್ದಿದೆಯೇ ನೋಡಲಿ. ಕೇಳುವಾಗ ಯಾರ ಜೊತೆ, ಯಾವ ರೈಲಿಗೆ, ರಾತ್ರಿ ಊಟಕ್ಕೆ ಇರುತ್ತಾಳೋ ಇಲ್ಲವೋ, ಮೂರನ್ನೂ ಒಟ್ಟಿಗೇ ಹೇಳಲಿ.

ಯಾದಗಿರಿಯಿಂದ:

ನನ್ನ ಮಗನೂ ರೋಟರಿಯಿಂದಲೇ ಹೋಗಿ ಬಂದ. ಸ್ಟ್ರಾಸ್‌ಬರ್ಗ್ ಫ್ರಾನ್ಸ್‌ನಲ್ಲಿದೆ. ಬೇರೆ ದೇಶಕ್ಕೆ ಹೋಗುವಾಗ ಮನೆಯವರ ಜೊತೆ ಅಲ್ಲಿನ ರೋಟರಿಯವರ ಅನುಮತಿಯನ್ನೂ ಪಡೆಯಬೇಕು, ಅದಕ್ಕೆ ಕೆಲವು ದಿನ ಹಿಡಿಯಬಹುದು. ಗೆಳತಿಯರು ಸ್ಕೂಟರ್ ಕೊಟ್ಟರೂ ಓಡಿಸುವಂತಿಲ್ಲ, ಅದು ವಿನಿಮಯದ ಕಟ್ಟುನಿಟ್ಟಾದ ನಿಯಮ.

ಇನ್ನೊಂದು ಮಾತು. ನೀವು ಇಲ್ಲಿಂದ ಆ ಮನೆಗೆ ಫೋನ್ ಮಾಡಿ ಕೇಳಬೇಡಿ. ಮಗನಿಗೆ ಸಂಕೋಚವೆಂದು ನಾನು ಹಾಗೆ ಮಾಡಿದೆ. ಹುಡುಗ ತಮ್ಮನ್ನು ನಂಬುತ್ತಿಲ್ಲವಲ್ಲ ಎಂದು ಅವರು ನೊಂದುಕೊಂಡರು.

ಕಲಬುರಗಿಯಿಂದ:

ಕೆಲಸದ ಮೇಲೆ ಅಲ್ಲಿ ಎರಡು ವರ್ಷ ಇದ್ದೆ. ಗಡಿಯೂರು ಕೆಲ್‌ನಿಂದ ಸ್ಟ್ರಾಸ್‌ಬರ್ಗ್‌ಗೆ 2017ರಿಂದ ಟ್ರಾಮ್ ಇದೆ. ರೈನ್ ನದಿಯ ಸೇತುವೆ ದಾಟಿದರೆ ಫ್ರಾನ್ಸ್. ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದಿಂದ ಗಂಜ್ ಪೇಟೆಗೆ ಹೋದಷ್ಟು ಸಲೀಸು. ಹಾಗಾಗಿಯೇ ಮಕ್ಕಳು ಪಾಸ್‌ಪೋರ್ಟ್ ಮನೆಯಲ್ಲೇ ಬಿಟ್ಟು ಹೋಗುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿತು. ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ, ಎರಡೂ ಬ್ಯಾಗಿನಲ್ಲಿರಲಿ. ತಿಂಗಳ ಡಾಯ್ಚ್‌ಲ್ಯಾಂಡ್ ಟಿಕೆಟ್ ಸ್ಥಳೀಯ ರೈಲುಗಳಿಗೆ ಸಾಕು, ವೇಗದ ಐಸಿಇ ರೈಲಿಗೆ ನಡೆಯುವುದಿಲ್ಲ. ತುರ್ತಿಗೆ ಎರಡೂ ದೇಶಗಳಲ್ಲಿ 112.

ಅಲ್ಲಿನ ಕ್ಯಾಥೆಡ್ರಲ್‌ನ ಖಗೋಳ ಗಡಿಯಾರವನ್ನು ಖಂಡಿತ ನೋಡಲಿ. ಮಧ್ಯಾಹ್ನ 12.30ಕ್ಕೆ ಕ್ರಿಸ್ತನ ಮುಂದೆ ಹನ್ನೆರಡು ಶಿಷ್ಯರ ಗೊಂಬೆಗಳು ಸಾಲಾಗಿ ಹಾದುಹೋಗುತ್ತವೆ, ಹುಂಜ ರೆಕ್ಕೆ ಬಡಿದು ಕೂಗುತ್ತದೆ. ಮುಂಚೆಯೇ ಹೋಗಿ ಜಾಗ ಹಿಡಿಯಬೇಕು.

ಬೀದರ್‌ನ ಇನ್ನೊಬ್ಬರು:

ನಾನು ಮೊದಲ ಮೂರು ತಿಂಗಳು ಪ್ರತಿ ಶನಿವಾರವೂ ಗೆಳತಿಯರ ಜೊತೆಗೇ ತಿರುಗಿದೆ. ಆ ಮನೆಯ ಅಜ್ಜಿ ಒಂದು ದಿನ ಕೇಳಿದರು, "ನಮ್ಮ ಕಾಡನ್ನು ಯಾವಾಗ ನೋಡುತ್ತೀಯ ಮಗಳೇ?" ಬ್ಲ್ಯಾಕ್ ಫಾರೆಸ್ಟ್ ಮನೆಯ ಹಿತ್ತಲಿನಿಂದಲೇ ಶುರುವಾಗುತ್ತಿತ್ತು. ನನ್ನನ್ನು ಕರೆದೊಯ್ಯಲು ಅವರು ಅಷ್ಟು ದಿನ ಕಾದಿದ್ದರು.

ಪ್ರಶ್ನೆ ಕೇಳಿದ ತಾಯಿ, ಎರಡು ದಿನದ ಬಳಿಕ:

ಎಲ್ಲರಿಗೂ ಶರಣು. ಇದೆಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಅವರ ಮನೆಯಲ್ಲೂ ಫ್ರಿಜ್‌ನ ಬಾಗಿಲಿಗೆ ಕ್ಯಾಲೆಂಡರ್ ಇದೆಯಂತೆ. ಬೇರೆಯವರದ್ದು ಓದಬಾರದೆಂದು ಇವಳು ಅತ್ತ ನೋಡುತ್ತಲೇ ಇರಲಿಲ್ಲವಂತೆ! ನಿನ್ನೆ ಊಟದ ಹೊತ್ತಿಗೆ ತಾನೇ ಕೇಳಿದ್ದಾಳೆ. ರೋಟರಿಯ ಅನುಮತಿ ಈ ವಾರ ಆಗುವುದಿಲ್ಲ, ಹಾಗಾಗಿ ಸ್ಟ್ರಾಸ್‌ಬರ್ಗ್ ಮುಂದಿನ ಶನಿವಾರಕ್ಕೆ. ಈ ಶನಿವಾರ ಮನೆಯವರ ಜೊತೆ ಕಾಡಿಗೆ ಹೋಗುತ್ತಾಳೆ, ಗೆಳತಿಯರಲ್ಲಿ ಇಬ್ಬರನ್ನೂ ಕರೆತರಲು ಅವರೇ ಹೇಳಿದರಂತೆ. ಎಷ್ಟು ಜನ ಊಟಕ್ಕೆ ಎಂದು ಶುಕ್ರವಾರದೊಳಗೆ ತಿಳಿಸಬೇಕಂತೆ.