ಸಣ್ಣ ಕೋಣೆಗೆ ಹಳೇ ಲಾ ಸ್ಕಾಲಾ ಹಾರ್ನ್ ಸ್ಪೀಕರ್: ರಿಪೇರಿ ಮಾಡಿದವರು ಅನುಭವ ಹೇಳಿ

ಪ್ರಶ್ನೆ, ಡಲ್ಲಸ್‌ನಿಂದ

ಎಲ್ಲರಿಗೂ ನಮಸ್ಕಾರ. ಪಕ್ಕದ ಊರಿನಲ್ಲಿ ಹಿರಿಯರೊಬ್ಬರು ಮನೆ ಖಾಲಿ ಮಾಡುತ್ತಿದ್ದರು. ಅವರಿಂದ 1970ರ ದಶಕದ, ಕ್ಲಿಪ್ಶ್ ಕಂಪನಿಯ ಲಾ ಸ್ಕಾಲಾ ಸ್ಪೀಕರ್ ಜೋಡಿ ತಂದಿದ್ದೇನೆ. ನಮ್ಮಪ್ಪ ಊರಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟಿದ್ದರು. ಹಾಗಾಗಿ ಹಾರ್ನ್ ಅಂದರೆ ಚಿಕ್ಕಂದಿನಿಂದ ಪ್ರೀತಿ, ಸೋಲ್ಡರಿಂಗ್ ಕೂಡ ಬರುತ್ತದೆ. ಆದರೆ ನಮ್ಮ ಕೋಣೆ 11 ಅಡಿಗೆ 13 ಅಡಿ, ಅಷ್ಟೇ. ಕೇಳುವುದು ಹೆಚ್ಚಾಗಿ ಹಳೇ ಕರ್ನಾಟಕ ಸಂಗೀತದ ಕಚೇರಿಗಳು, ಭಾವಗೀತೆ.

ತೊಂದರೆಗಳು ಇವು. ಬಲಗಡೆಯದರಲ್ಲಿ ಟ್ವೀಟರ್ (ಮೇಲಿನ ಸ್ವರಗಳ ಯೂನಿಟ್) ಸದ್ದೇ ಇಲ್ಲ. ಎರಡೂ ಸ್ವಲ್ಪ ಮಬ್ಬು. ಆದರೂ ಜೋರು ಮಾಡಿದರೆ ಪಿಟೀಲು ಕಿವಿಗೆ ಚುಚ್ಚುತ್ತದೆ. ಮೃದಂಗದ ತೊಪ್ಪಿಯ ಗುಂ ನಾದ ತೆಳ್ಳಗಿದೆ. ಹಾಡು ಇಲ್ಲದಾಗಲೂ ಸುಯ್ ಅಂತ ಸದ್ದು. ಹೊಸ ಡ್ರೈವರ್ (ಸದ್ದು ಮಾಡುವ ಯೂನಿಟ್), ಹೊಸ ಕ್ರಾಸೋವರ್ (ಯಾವ ಸ್ವರ ಯಾವ ಡ್ರೈವರಿಗೆ ಅಂತ ಹಂಚುವ ಸರ್ಕ್ಯೂಟ್) ಹಾಕಿಬಿಡು ಅನ್ನುತ್ತಾರೆ ನಮ್ಮ ಯಜಮಾನರು. ಪೆಟ್ಟಿಗೆಯನ್ನೇ ಕತ್ತರಿಸಿ ಚಿಕ್ಕದು ಮಾಡಿ ಅಂದವರೂ ಇದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ, ಕೊಲಂಬಸ್‌ನಿಂದ

ಮೇಡಂ, ಮೊದಲು ಗರಗಸ ಒಳಗಿಡಿ. ಲಾ ಸ್ಕಾಲಾದಲ್ಲಿ ಪೆಟ್ಟಿಗೆ ಬೇರೆ, ಹಾರ್ನ್ ಬೇರೆ ಅಲ್ಲ. ತಗ್ಗಿನ ಸ್ವರ ಕೊಡುವ ಬಾಸ್ ಹಾರ್ನ್ ಅಂದರೆ ಆ ಪ್ಲೈವುಡ್ ಪೆಟ್ಟಿಗೆಯೇ. 15 ಇಂಚಿನ ವೂಫರ್ ಒಳಗಿನ ಮುಚ್ಚಿದ ಕೋಣೆಯಲ್ಲಿ ಕೂತಿರುತ್ತದೆ. ಅದರ ಸದ್ದು ಮಡಚಿದ ದಾರಿಯಲ್ಲಿ ಸುತ್ತಿಕೊಂಡು ಮುಂದೆ ಬರುತ್ತದೆ. ಎರಡು ಬದಿಯ ಹಲಗೆಗಳೇ ಹಾರ್ನಿನ ಬಾಯಿ. ಒಂದಡಿ ಕತ್ತರಿಸಿದರೂ ಅದು ಲಾ ಸ್ಕಾಲಾ ಆಗಿ ಉಳಿಯುವುದಿಲ್ಲ.

ನಿಮಗೆ ಇಷ್ಟವಾಗುವ ವಿಷಯ ಒಂದಿದೆ. ಪಾಲ್ ಕ್ಲಿಪ್ಶ್ ಅವರು 1963ರಲ್ಲಿ ಇದನ್ನು ಮಾಡಿದ್ದು ಮನೆಗಲ್ಲ. ಅರ್ಕಾನ್ಸಾ ರಾಜ್ಯದ ಗವರ್ನರ್ ಹುದ್ದೆಗೆ ನಿಂತಿದ್ದ ವಿನ್‌ತ್ರಾಪ್ ರಾಕ್‌ಫೆಲ್ಲರ್ ಅವರ ಪ್ರಚಾರ ಸಭೆಗಳಿಗೆ. ಅಂದರೆ ಇದು ಹುಟ್ಟಿದ್ದೇ ಮೈಕ್ ಸೆಟ್ ಆಗಿ! ನಡುವಿನ ಹಾರ್ನಿಗೆ ತಿರುಪಿ ಕೂರಿಸಿರುವ ಕೆ-55-ವಿ ಯೂನಿಟ್ ಮಾಡಿದ್ದು ಅಟ್ಲಾಸ್, ಸಭೆಗಳ ಹಾರ್ನ್ ಮಾಡುವ ಕಂಪನಿ. ಅದರಲ್ಲಿ ನಡುಗಿ ಸದ್ದು ಮಾಡುವ ತೆಳು ಪರೆ, ಅಂದರೆ ಡಯಾಫ್ರಾಮ್, ಫಿನಾಲಿಕ್ ರಾಳದ್ದು. ನಿಮ್ಮಪ್ಪನ ಅಂಗಡಿಯಲ್ಲಿ ನೋಡಿದ ಯೂನಿಟ್‌ಗಳ ಜಾತಿಯೇ. ಬಯಲಿಗೆ ಮಾಡಿದ್ದನ್ನು ಸಣ್ಣ ಕೋಣೆಗೆ ಒಗ್ಗಿಸುವುದು ಹೇಗೆ ಅನ್ನುವುದೇ ನಿಮ್ಮ ಕೆಲಸ. ನನ್ನ ಪ್ರಕಾರ ಅದಕ್ಕೆ ಹೊಸ ಡ್ರೈವರ್ ಬೇಡ. ಮೊದಲು ಇದ್ದದ್ದನ್ನು ಸರಿಯಾದ ಸ್ಥಿತಿಗೆ ತನ್ನಿ, ಆಮೇಲೆ ಮಟ್ಟ ಮತ್ತು ಜಾಗ ಸರಿಮಾಡಿ. ಮಾಡುವ ಬದಲಾವಣೆ ಯಾವುದೇ ಆಗಲಿ, ವಾಪಸ್ ತೆಗೆಯುವ ಹಾಗಿರಲಿ.

ಮಲ್ಟಿಮೀಟರ್ ತಗೊಳ್ಳಿ. ಪ್ರತಿ ಡ್ರೈವರಿನ ಒಂದು ವೈರ್ ಬಿಚ್ಚಿಯೇ ಅಳೆಯಿರಿ. ಬಿಚ್ಚದೆ ಅಳೆದರೆ ಮಿಡ್ ಡ್ರೈವರ್ (ನಡುವಿನ ಸ್ವರಗಳ ಕೆ-55-ವಿ) ಬದಲು ಕ್ರಾಸೋವರ್‌ನ ಟ್ರಾನ್ಸ್‌ಫಾರ್ಮರ್ ಸುರುಳಿಯನ್ನು ಅಳೆದ ಹಾಗಾಗುತ್ತದೆ, ಮೀಟರ್ ಸೊನ್ನೆಯ ಹತ್ತಿರ ತೋರಿಸುತ್ತದೆ. ಒಳ್ಳೆಯ ಯೂನಿಟ್ ಆಗಿದ್ದರೆ ವೂಫರ್ ಮೂರೂವರೆ ಓಮ್ ಆಸುಪಾಸು, ಕೆ-55-ವಿ ಹತ್ತರಿಂದ ಹನ್ನೊಂದು, ಟ್ವೀಟರ್ ಐದಾರು ಓಮ್ ತೋರಿಸಬೇಕು. ನಿಮ್ಮ ಬಲಗಡೆಯ ಟ್ವೀಟರ್ ಏನೂ ತೋರಿಸದಿದ್ದರೆ ಸುರುಳಿ ಕಡಿದಿದೆ. ಗಾಬರಿ ಬೇಡ. ಕೆ-77 ಅಂದರೆ ಎಲೆಕ್ಟ್ರೋ-ವಾಯ್ಸ್ ಟಿ35 ಟ್ವೀಟರೇ. ಅದಕ್ಕೆ ಡಯಾಫ್ರಾಮ್ ಬೇರೆಯಾಗಿ ಸಿಗುತ್ತದೆ. ಎರಡೂ ಕಡೆ ಒಟ್ಟಿಗೆ ಹಾಕಿ. ಒಂದು ಕಡೆ ಹಳತು, ಇನ್ನೊಂದು ಕಡೆ ಹೊಸತು ಇದ್ದರೆ ಹಾಡುವವರು ನಡುವೆ ನಿಲ್ಲುವುದಿಲ್ಲ, ಒಂದು ಪಕ್ಕಕ್ಕೆ ಜರುಗುತ್ತಾರೆ.

ವೂಫರಿನ ಅಂಚು ಫೋಮ್ ಅಲ್ಲ, ಮಡಿಕೆ ಮಡಿಕೆಯಾದ ಬಟ್ಟೆ. ಫೋಮ್ ಆಗಿದ್ದರೆ ಇಷ್ಟು ವರ್ಷಕ್ಕೆ ಪುಡಿಯಾಗುತ್ತಿತ್ತು. ಇದು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ನೋಡಬೇಕಾದ್ದು ವೂಫರ್ ಕೋಣೆಯ ಮುಚ್ಚಳದ ಸುತ್ತ ಇರುವ ಗ್ಯಾಸ್ಕೆಟ್. ಅದು ಒಣಗಿ ಬಿರುಕು ಬಿಟ್ಟು ಗಾಳಿ ಸೋರಿದರೆ ಬಾಸ್ ಸೊರಗುತ್ತದೆ. ಹೊಸ ಫೋಮ್ ಪಟ್ಟಿ ಅಂಟಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ನಿಮ್ಮ ತೊಪ್ಪಿ ತೆಳ್ಳಗಾಗಿರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಇನ್ನು ಮಬ್ಬು. ಅದಕ್ಕೆ ಕಾರಣ ಬಹುಪಾಲು ಕೆಪಾಸಿಟರ್‌ಗಳು. ಆ ಕಾಲದವಾದರೆ ನಿಮ್ಮವು ಟೈಪ್ ಎಎ ಕ್ರಾಸೋವರ್ ಇರಬೇಕು, 400 ಮತ್ತು 6000 ಹರ್ಟ್ಸ್‌ನಲ್ಲಿ ಸದ್ದು ಹಂಚುವಂಥವು. ಒಂದು ಮರದ ಹಲಗೆಯ ಮೇಲೆ ತಗಡಿನ ಡಬ್ಬಿಗಳು ಕಾಣುತ್ತವೆ, 13 ಮೈಕ್ರೋಫ್ಯಾರಡ್‌ದು ಒಂದು, 2 ಮೈಕ್ರೋಫ್ಯಾರಡ್‌ದು ಎರಡು. ಎಣ್ಣೆ ತುಂಬಿದ ಡಬ್ಬಿಗಳು ಅವು. ವಯಸ್ಸಾದಂತೆ ಒಳಗಿನ ರೋಧ ಜಾಸ್ತಿಯಾಗಿ ಮೇಲಿನ ಸ್ವರಗಳು ಸಪ್ಪೆಯಾಗುತ್ತವೆ. ಅಷ್ಟೇ ಮೈಕ್ರೋಫ್ಯಾರಡ್ ಇರುವ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕಿ. ಸಾಧಾರಣ, ನಂಬಿಕೆಯ ಕಂಪನಿಯದು ಸಾಕು. ಒಂದು ಕೆಪಾಸಿಟರ್‌ಗೆ ನೂರು ಡಾಲರ್ ಸುರಿಯುವುದರಲ್ಲಿ ಅರ್ಥವಿಲ್ಲ. ಆ ದುಡ್ಡಿಗೆ ಒಳ್ಳೆಯ ದಪ್ಪ ಪರದೆ, ಜಮಖಾನ ಬರುತ್ತದೆ.

ಒಂದು ಎಚ್ಚರಿಕೆ. ಆ ಹಳೇ ಡಬ್ಬಿಗಳನ್ನು ಕೊರೆಯಬೇಡಿ, ಬಿಚ್ಚಬೇಡಿ. ಅಮೆರಿಕದಲ್ಲಿ ಪಿಸಿಬಿ ಎಂಬ ವಿಷದ ಎಣ್ಣೆಗೆ ನಿಷೇಧ ಬಂದದ್ದು 1979ರಲ್ಲಿ. ಅದಕ್ಕಿಂತ ಹಿಂದಿನ ಕೆಪಾಸಿಟರ್‌ಗಳಲ್ಲಿ ಅದು ಇರಬಹುದು. ಸೋರಿದ ಜಿಡ್ಡು ಕಂಡರೆ ಕೈಗವಸು ಹಾಕಿಕೊಂಡು ಚೀಲದಲ್ಲಿ ಕಟ್ಟಿ, ಅಪಾಯಕಾರಿ ತ್ಯಾಜ್ಯ ತಗೊಳ್ಳುವ ಕೇಂದ್ರಕ್ಕೆ ಕೊಡಿ. ಮನೆಯಲ್ಲಿ ಮಕ್ಕಳಿದ್ದರಂತೂ ಇದನ್ನು ನಾಳೆಗೆ ಮುಂದೂಡಬೇಡಿ.

ಟ್ವೀಟರಿಗೆ ಅಡ್ಡವಾಗಿ ಎರಡು ಝೀನರ್ ಡಯೋಡ್ (ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ಬಿಡಿಭಾಗ) ಇರುತ್ತವೆ. ಅವನ್ನು ತೆಗೆದರೆ ಸದ್ದು ತೆರೆದುಕೊಳ್ಳುತ್ತದೆ ಅಂತ ಹೇಳುವವರು ತುಂಬಾ ಜನ. ತೆಗೆಯಬೇಡಿ. ನಿಮ್ಮ ಕೋಣೆಯ ಮಟ್ಟಕ್ಕೆ ಅವು ಕೆಲಸವನ್ನೇ ಮಾಡುವುದಿಲ್ಲ, ಸುಮ್ನೆ ಕೂತಿರುತ್ತವೆ. ಮಗು ವಾಲ್ಯೂಮ್ ಪೂರ್ತಿ ತಿರುಗಿಸಿದ ದಿನ ಹೊಸ ಡಯಾಫ್ರಾಮ್ ಉಳಿಸುವುದು ಅವೇ.

ಈಗ ಚುಚ್ಚುವ ಪಿಟೀಲು. ಕೆಪಾಸಿಟರ್ ಬದಲಿಸಿದ ಮೇಲೆ ಅದು ಇನ್ನೂ ಜಾಸ್ತಿ ಆಗಬಹುದು, ಹೆದರಬೇಡಿ. ಮೊದಲ ಮದ್ದು ಹಾರ್ನಿನ ಮೈಗೆ. ನಡುವಿನ ಕೆ-400 ಲೋಹದ ಹಾರ್ನ್. ಪೆಟ್ಟಿಗೆಯ ಹಿಂಬದಿಯಿಂದ ಕೈ ಹಾಕಿ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ. ಕಂಚಿನ ತಟ್ಟೆ ತಟ್ಟಿದ ಹಾಗೆ ಠೊಂಯ್ ಅಂತ ನಾದ ಹಿಡಿದುಕೊಳ್ಳುತ್ತದೆ. ಪಿಟೀಲಿನ ಉದ್ದದ ಕಮಾನಿನಲ್ಲಿ ಆ ನಾದವೂ ಸೇರಿಕೊಳ್ಳುತ್ತದೆ. ಹೊರಮೈಗೆ ಬ್ಯುಟೈಲ್ ಪಟ್ಟಿ ಅಂಟಿಸಿ, ಕಾರಿನ ಬಾಗಿಲಿಗೆ ಹಾಕುತ್ತಾರಲ್ಲ, ಅದೇ. ಗಂಟಲಿನ ಹತ್ತಿರದಿಂದ ಬಾಯಿಯವರೆಗೆ ಒತ್ತಿ ಒತ್ತಿ ಕೂರಿಸಿ. ಮತ್ತೆ ಕುಟ್ಟಿ. ಈಗ ಟಕ್ ಅಂತ ಅಲ್ಲೇ ಸಾಯಬೇಕು. ಬೇಡವಾದರೆ ಮುಂದೆ ಕಿತ್ತು ತೆಗೆಯಬಹುದು. ಚೌಡಯ್ಯನವರ ಏಳು ತಂತಿಯ ಪಿಟೀಲಿನ ಹಳೇ ರೆಕಾರ್ಡಿಂಗ್ ನಿಮ್ಮಲ್ಲಿದ್ದರೆ ಮೊದಲೂ ಆಮೇಲೂ ಕೇಳಿ. ತಂತಿಯ ನಾದ ಯಾವುದು, ತಗಡಿನ ನಾದ ಯಾವುದು ಅಂತ ಬಿಡಿಸಿ ಕೇಳಿಸುತ್ತದೆ.

ಎರಡನೇ ಮದ್ದು ನನಗೆ ತುಂಬಾ ಇಷ್ಟವಾದದ್ದು. ಕ್ರಾಸೋವರ್‌ನಲ್ಲಿ ಟಿ2ಎ ಅನ್ನುವ ಆಟೋಟ್ರಾನ್ಸ್‌ಫಾರ್ಮರ್ ಇದೆ. ಅದರಲ್ಲಿ ವೈರ್ ಜೋಡಿಸಲು ನಂಬರ್ ಹಾಕಿದ ಟ್ಯಾಪ್‌ಗಳಿವೆ. ಮಿಡ್ ಡ್ರೈವರಿನ ವೈರ್ 4ನೇ ಟ್ಯಾಪಿನಲ್ಲಿರುತ್ತದೆ. ಅದನ್ನು 3ಕ್ಕೆ ಹಾಕಿದರೆ ಮಿಡ್ 3 ಡೆಸಿಬೆಲ್ ಇಳಿಯುತ್ತದೆ. ಸಣ್ಣ ಕೋಣೆಯಲ್ಲಿ ಈ 3 ಡೆಸಿಬೆಲ್ ದೊಡ್ಡದು. ಹಾಡುವವರು ಮುಖಕ್ಕೆ ಮುಖ ಕೊಟ್ಟು ಕೂಗುವುದು ನಿಲ್ಲುತ್ತದೆ, ಎರಡು ಹೆಜ್ಜೆ ಹಿಂದೆ ಸರಿದು ಕೂರುತ್ತಾರೆ. ಆದರೆ ವೈರ್ ಮಾತ್ರ ಬದಲಿಸಿದರೆ ಸಾಲದು. ಟ್ಯಾಪ್ ಇಳಿದಾಗ ಆ ಡ್ರೈವರ್ ಕೆಪಾಸಿಟರಿಗೆ ಎರಡರಷ್ಟು ರೋಧವಾಗಿ ಕಾಣುತ್ತದೆ. ಹಾಗಾಗಿ 13 ಮೈಕ್ರೋಫ್ಯಾರಡ್ ಜಾಗದಲ್ಲಿ ಅದರ ಅರ್ಧ, ಅಂದರೆ 6.5ರ ಆಸುಪಾಸು ಹಾಕಬೇಕು. 6.8 ಸುಲಭವಾಗಿ ಸಿಗುತ್ತದೆ, ನಡೆಯುತ್ತದೆ. ಹಾಕದಿದ್ದರೆ 400 ಹರ್ಟ್ಸ್‌ನ ಗಡಿ ಅದರ ಅರ್ಧಕ್ಕೆ ಇಳಿದು, ಹಾರ್ನ್ ಹೊರಲಾರದ ತಗ್ಗಿನ ಸ್ವರಗಳೂ ಆ ಡಯಾಫ್ರಾಮ್ ಮೇಲೆ ಬೀಳುತ್ತವೆ.

ಜಾಗದ ವಿಷಯ. ಎರಡನ್ನೂ ಚಿಕ್ಕ ಗೋಡೆಯ ಮೂಲೆಗಳಿಗೆ ಒತ್ತಿಬಿಡಿ. ಮೂಲೆಯ ಗೋಡೆಗಳು ಬಾಸ್ ಹಾರ್ನಿಗೆ ಬಲ ಕೊಡುತ್ತವೆ. ನಿಮ್ಮ ತೊಪ್ಪಿ ಅರ್ಧಕ್ಕರ್ಧ ಅಲ್ಲೇ ಸರಿಹೋಗಬಹುದು. ಮುಖವನ್ನು ಚೆನ್ನಾಗಿ ಒಳಕ್ಕೆ ತಿರುಗಿಸಿ, ಎರಡರ ನೋಟ ನೀವು ಕೂರುವ ಜಾಗಕ್ಕಿಂತ ಸ್ವಲ್ಪ ಮುಂದೆಯೇ ಒಂದನ್ನೊಂದು ದಾಟಬೇಕು. ಆಗ ಪಕ್ಕದ ಗೋಡೆಗೆ ಸದ್ದು ನೇರವಾಗಿ ಬಡಿಯುವುದಿಲ್ಲ. ಸಣ್ಣ ಕೋಣೆಯಲ್ಲಿ ಹಾರ್ನ್ ಬೇಡ ಅನ್ನುವವರು ಇದನ್ನು ಮರೆಯುತ್ತಾರೆ. ಸಾಮಾನ್ಯ ಸ್ಪೀಕರ್ ಎಲ್ಲ ಕಡೆಗೂ ಸದ್ದು ಚೆಲ್ಲುತ್ತದೆ, ಹಾರ್ನ್ ಹೇಳಿದ ಕಡೆಗೆ ಕಳಿಸುತ್ತದೆ. ನೀವು ಕೂರುವುದು ಮಾತ್ರ ಆದಷ್ಟು ದೂರ, ಎಂಟೊಂಬತ್ತು ಅಡಿ ಇರಲಿ. ಹತ್ತಿರ ಕೂತರೆ ಮೂರು ಡ್ರೈವರ್ ಮೂರು ಕಡೆಯಿಂದ ಮಾತಾಡುವುದು ಗೊತ್ತಾಗುತ್ತದೆ.

ಉತ್ತರ, ಬೆಂಗಳೂರಿನಿಂದ

ಅಕ್ಕಾ, ಮೇಲೆ ಸರ್ ಹೇಳಿದ್ದು ಎಲ್ಲಾ ಸರಿ. ನಾನು ಆ ಸುಯ್ ಸದ್ದಿನ ಬಗ್ಗೆ ಮಾತ್ರ ಹೇಳುತ್ತೇನೆ. ಇಲ್ಲಿ ಥಿಯೇಟರ್ ಹಾರ್ನ್‌ಗಳನ್ನು ಮನೆಗೆ ತಂದವರೆಲ್ಲರೂ ಕೇಳುವ ಪ್ರಶ್ನೆ ಇದು.

ಲಾ ಸ್ಕಾಲಾಗೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 104 ಡೆಸಿಬೆಲ್ ಅಂತ ಕಂಪನಿಯ ಲೆಕ್ಕ. ಮನೆಯಲ್ಲಿ ಚೆನ್ನಾಗಿ ಕೇಳಲು 80 ಸಾಕು ಅಂದುಕೊಳ್ಳಿ. 24 ಡೆಸಿಬೆಲ್ ಕಮ್ಮಿ, ಅಂದರೆ 1 ವ್ಯಾಟಿನ 250ರಲ್ಲಿ ಒಂದು ಪಾಲು. ನೀವು ಸಂಗೀತ ಕೇಳುತ್ತಿರುವುದು 4 ಮಿಲಿವ್ಯಾಟ್‌ನಲ್ಲಿ! ದೂರ ಕೂತರೆ ಇನ್ನೊಂದಿಷ್ಟು ಬೇಕು, ಆದರೂ ವ್ಯಾಟ್ ಮುಟ್ಟುವುದಿಲ್ಲ. ಹಾಗಾಗಿ 100 ವ್ಯಾಟಿನ ಆಂಪ್ಲಿಫೈಯರ್‌ನ ಮೊದಲ ಹನಿಯಲ್ಲೇ ನೀವು ಜೀವನ ಮಾಡಬೇಕು. ಅಲ್ಲಿ ಅದರ ಗದ್ದಲವೇ ಎದ್ದು ಕೇಳಿಸುತ್ತದೆ.

ಮೊದಲು ಕಳ್ಳನನ್ನು ಹಿಡಿಯಿರಿ. ಪವರ್ ಆಂಪ್ಲಿಫೈಯರ್ ಆಫ್ ಮಾಡಿ, ಇನ್‌ಪುಟ್ ವೈರ್ ತೆಗೆದು, ಅಲ್ಲಿಗೆ ಶಾರ್ಟಿಂಗ್ ಪ್ಲಗ್ (ಒಳಗೆ ಎರಡೂ ತುದಿ ಸೇರಿಸಿದ ಪ್ಲಗ್) ಹಾಕಿ ಆನ್ ಮಾಡಿ. ಸುಯ್ ಹೋದರೆ ತಪ್ಪು ಅದಕ್ಕಿಂತ ಹಿಂದಿನ ಪ್ರಿಆಂಪ್‌ದೋ ಡಿಎಸಿಯದೋ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ಸಿಗ್ನಲ್ ಮಾಡುವ ಪೆಟ್ಟಿಗೆ). ಹೋಗದಿದ್ದರೆ ಪವರ್ ಆಂಪ್ಲಿಫೈಯರ್‌ದೇ.

ಹಿಂದಿನದಾದರೆ ಮದ್ದು ಅಗ್ಗ. ಪವರ್ ಆಂಪ್ಲಿಫೈಯರ್‌ನ ಇನ್‌ಪುಟ್ ಹತ್ತಿರ 10 ಕಿಲೋಓಮ್ ಸರಣಿಯಲ್ಲಿ, ಅದರ ನಂತರ 3.3 ಕಿಲೋಓಮ್ ನೆಲಕ್ಕೆ. ಸುಮಾರು 12 ಡೆಸಿಬೆಲ್ ಇಳಿಯುತ್ತದೆ, ಸುಯ್ ಕೂಡ ಅಷ್ಟೇ ಇಳಿಯುತ್ತದೆ. ಇಲ್ಲಿ ಎಸ್.ಪಿ. ರೋಡಿನಲ್ಲಿ ಈ ರೆಸಿಸ್ಟರ್‌ಗಳಿಗೆ ಚಿಲ್ಲರೆ ಕಾಸು ಸಾಕು. ಇನ್ನೊಂದು ಲಾಭವೂ ಇದೆ. ವಾಲ್ಯೂಮ್ ಗುಂಡಿಯನ್ನು ತೀರಾ ಕೆಳಗಿಟ್ಟಾಗ ಎಡ ಬಲ ಸಮ ಇರುವುದಿಲ್ಲ. ಈಗ ಗುಂಡಿ ನಡುವಿಗೆ ಬರುತ್ತದೆ, ತಂಬೂರಿ ಎರಡೂ ಕಡೆ ಸಮನಾಗಿ ಕೂರುತ್ತದೆ.

ಪವರ್ ಆಂಪ್ಲಿಫೈಯರ್‌ದೇ ತಪ್ಪಾದರೆ ಅದನ್ನೇ ಬದಲಿಸಬೇಕು. ವ್ಯಾಟ್ ನೋಡಬೇಡಿ, ಸದ್ದಿಲ್ಲದ್ದು ನೋಡಿ. ನಾಲ್ಕೈದು ವ್ಯಾಟಿನ ವಾಲ್ವ್ ಆಂಪ್ಲಿಫೈಯರ್ ಕೂಡ ಇದಕ್ಕೆ ಧಾರಾಳ. ಆದರೆ ಹಮ್ (ಗುಂಯ್ ಅನ್ನುವ ಕರೆಂಟಿನ ಸದ್ದು) ಇಲ್ಲದ್ದು ಅಂತ ಸ್ಪೀಕರ್‌ಗೆ ಕಿವಿಕೊಟ್ಟು ಕೇಳಿಯೇ ತಗೊಳ್ಳಿ.

ಉತ್ತರ, ಟೊರಾಂಟೊದಿಂದ

ಮರಗೆಲಸದವನ ಎರಡು ಮಾತು. ಪೆಟ್ಟಿಗೆಯ ಬಣ್ಣ ಕೆರೆಯುವುದಾದರೆ ಮೊದಲು ಹಿಂದೆ ಅಂಟಿಸಿರುವ ಸೀರಿಯಲ್ ನಂಬರಿನ ಚೀಟಿಯನ್ನು ಟೇಪ್ ಹಾಕಿ ಮುಚ್ಚಿ. ಅದು ಹೋದರೆ ಸ್ಪೀಕರಿನ ಜಾತಕವೇ ಹೋದ ಹಾಗೆ. ಮೇಲಿನ ಬರ್ಚ್ ಪದರ ತೀರಾ ತೆಳು. ಮೆಷಿನ್ ಬಿಟ್ಟು ಕೈಯಲ್ಲೇ ಉಜ್ಜಿ.

ಬದಿಯ ಹಲಗೆಗಳು ಮುಕ್ಕಾಲು ಇಂಚು. ಜೋರಾಗಿ ಹಾಕಿದಾಗ ಅಂಗೈ ಇಟ್ಟರೆ ನಡುಕ ಗೊತ್ತಾಗುತ್ತದೆ. ಅದಕ್ಕೆ ಬಾಸ್ ಹಾರ್ನಿನ ಬಾಯಿಯಲ್ಲಿ, ಬದಿಯ ಹಲಗೆಗೂ ನಡುವಿನ ಪೆಟ್ಟಿಗೆಗೂ ಮಧ್ಯೆ ಒಂದು ಗಟ್ಟಿ ಮರದ ಪಟ್ಟಿಯನ್ನು ಬಿಗಿಯಾಗಿ ಸಿಕ್ಕಿಸುತ್ತಾರೆ. ಗೋಂದು, ಮೊಳೆ ಬೇಡ, ಅಳತೆ ಸರಿ ಇದ್ದರೆ ತಾನೇ ನಿಲ್ಲುತ್ತದೆ. ನಿಮ್ಮ ಮಟ್ಟದಲ್ಲಿ ನಡುಕವೇ ಇಲ್ಲದಿದ್ದರೆ ಇದನ್ನು ಬಿಟ್ಟುಬಿಡಿ. ಎತ್ತುವಾಗ ಇಬ್ಬರು ಬೇಕೇ ಬೇಕು, ಒಂದೊಂದೂ 50 ಕಿಲೋ ದಾಟುತ್ತದೆ.

ಮತ್ತೆ ಡಲ್ಲಸ್‌ನಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಲಗಡೆ ಟ್ವೀಟರ್ ಓಪನ್ ಆಗಿತ್ತು, ಎರಡೂ ಕಡೆ ಡಯಾಫ್ರಾಮ್ ಹಾಕಿದೆ. ಕೆಪಾಸಿಟರ್, ಗ್ಯಾಸ್ಕೆಟ್, ಬ್ಯುಟೈಲ್ ಆಯಿತು. 3ನೇ ಟ್ಯಾಪ್ ಮತ್ತು 6.8 ಹಾಕಿದ ಮೇಲೆ ಚುಚ್ಚುವುದು ನಿಂತಿದೆ. ಸುಯ್ ಡಿಎಸಿಯಿಂದ ಬರುತ್ತಿತ್ತು, ರೆಸಿಸ್ಟರ್ ಹಾಕಿದೆ, ಈಗ ಕೂತಲ್ಲಿಗೆ ಕೇಳಿಸುತ್ತಿಲ್ಲ. ಬದಿ ಹಲಗೆ ನಡುಗುತ್ತಿಲ್ಲ. ಮೂಲೆಗೆ ಒತ್ತಿದ್ದರಿಂದ ಮೃದಂಗ ಎಷ್ಟೋ ತುಂಬಿಕೊಂಡಿದೆ. ಆದರೆ ತೊಪ್ಪಿಯ ತೀರಾ ತಳದ ನಾದ ಇನ್ನೂ ಸಿಕ್ಕಿಲ್ಲ. ಸಬ್ ವೂಫರ್ (ತೀರಾ ತಗ್ಗಿನ ಸ್ವರಗಳಿಗಷ್ಟೇ ಇರುವ ಸ್ಪೀಕರ್) ಸೇರಿಸಿದರೆ ಹಾರ್ನಿನ ಚುರುಕು ಹಾಳಾಗುತ್ತಾ?

ಕೊಲಂಬಸ್‌ನಿಂದ

ಹಾಳಾಗುವುದಿಲ್ಲ ಮೇಡಂ, ಮಿತಿಯಲ್ಲಿಟ್ಟರೆ. ಇದರ ಬಾಸ್ ಹಾರ್ನ್ 60 ಹರ್ಟ್ಸ್ ಹತ್ತಿರ ಕೈಚೆಲ್ಲಲು ಶುರುಮಾಡುತ್ತದೆ. ಆ ಗಾತ್ರದ ಹಾರ್ನಿಂದ ಅದಕ್ಕಿಂತ ಕೆಳಗೆ ಕೇಳಬಾರದು. 10 ಇಂಚಿನ, ತೂತಿಲ್ಲದ ಮುಚ್ಚಿದ ಪೆಟ್ಟಿಗೆಯ ಸಬ್ ಒಂದೇ ಸಾಕು. ಲಾ ಸ್ಕಾಲಾ ಇರುವ ಮೂಲೆಯಲ್ಲೇ, ಅದರ ಪಕ್ಕ ಇಡಿ. 60ರಿಂದ 70 ಹರ್ಟ್ಸ್‌ಗೆ ಮಿತಿ ಹಾಕಿ. ಲಾ ಸ್ಕಾಲಾಗೆ ಹೋಗುವ ಸಿಗ್ನಲ್ ಮುಟ್ಟಬೇಡಿ.

ಆಮೇಲೆ ತನಿ ಆವರ್ತನ ಇರುವ ಒಂದು ಕಚೇರಿ ಹಾಕಿ, ಸಬ್ಬಿನ ಫೇಸ್ ಸ್ವಿಚ್ಚನ್ನು (ಸದ್ದಿನ ಅಲೆಯನ್ನು ತಿರುವುಮುರುವು ಮಾಡುವುದು) ಆ ಕಡೆ ಈ ಕಡೆ ಬದಲಿಸಿ ಕೇಳಿ. ಬಾಸ್ ಹಾರ್ನ್ ಒಳಗೆ ಸದ್ದು ಸುತ್ತಿ ಬರುವುದರಿಂದ ಸ್ವಲ್ಪ ತಡವಾಗಿ ತಲುಪುತ್ತದೆ. ಹಾಗಾಗಿ ಯಾವ ಕಡೆ ಸರಿ ಅಂತ ಕೋಣೆಯಲ್ಲೇ ಗೊತ್ತಾಗಬೇಕು. ತೊಪ್ಪಿ ತುಂಬಿ ಕೇಳಿಸುವ ಕಡೆ ಬಿಡಿ. ಸಬ್ಬಿನ ವಾಲ್ಯೂಮ್ ಏರಿಸುತ್ತಾ ಹೋಗಿ, ಸಬ್ ಇದೆ ಅಂತ ಗೊತ್ತಾದ ತಕ್ಷಣ ಒಂದು ಚೂರು ಇಳಿಸಿ.