ಮೇಜನ್ನು ಮಾಡಿಕೊಳ್ಳಿ, ಕಪಾಟನ್ನು ಲೆಕ್ಕ ಹಾಕಿ ನೋಡಿ

ಅಕ್ಕಾ, ಮಕ್ಕಳ ಓದುವ ಮೇಜನ್ನೂ ಪುಸ್ತಕದ ಕಪಾಟನ್ನೂ ಕೊಳ್ಳುವುದಕ್ಕಿಂತ ಮನೆಯಲ್ಲೇ ಮಾಡಿಕೊಂಡರೆ ಅಗ್ಗವಾಗುತ್ತದೆಯೇ ಎಂದು ನೀವು ನಿನ್ನೆ ಗುಂಪಿನಲ್ಲಿ ಕೇಳಿದ್ದಿರಿ. ಎರಡಕ್ಕೂ ಒಂದೇ ಉತ್ತರ ಕೊಡಲು ಬಾರದ ಕಾರಣ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ.

ಮೊದಲು ಕಪಾಟು. ಕಡಿಮೆ ಬೆಲೆಗೆ ಸಿಗುವ ಸಿದ್ಧ ಕಪಾಟುಗಳು ಹೆಚ್ಚಾಗಿ ಪಾರ್ಟಿಕಲ್ ಬೋರ್ಡಿನವು, ಅಂದರೆ ಮರದ ಚೂರುಗಳನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆಯವು. ಕಾರ್ಖಾನೆಯವರು ಆ ಹಲಗೆಯನ್ನು ಸಗಟಾಗಿ ತರಿಸಿ ಯಂತ್ರದಲ್ಲಿ ಒಂದೇ ಅಳತೆಗೆ ಕತ್ತರಿಸುತ್ತಾ ಹೋಗುತ್ತಾರೆ. ನಾವು ಬಿಡಿಯಾಗಿ ಕೊಳ್ಳುವ ಪ್ಲೈವುಡ್, ಅಂಚಿನ ಪಟ್ಟಿ, ಸ್ಕ್ರೂ, ಪಾಲಿಶ್ ಇಷ್ಟಕ್ಕೇ ಅವರ ಮಾರಾಟದ ಬೆಲೆ ಮುಟ್ಟಿಬಿಡುವುದುಂಟು. ಹಾಗಿದ್ದೂ ಮಾಡಲೇಬೇಕೆಂದರೆ, ಅಳತೆಯನ್ನು ಪ್ಲೈವುಡ್ ಹಾಳೆಯಿಂದಲೇ ಹುಟ್ಟಿಸಬೇಕು. 8 ಅಡಿ ಉದ್ದ, 4 ಅಡಿ ಅಗಲದ ಹಾಳೆಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿದರೆ, ಪ್ರತಿ ಸೀಳಿಗೂ ಗರಗಸ ಸುಮಾರು 3 ಮಿಲಿಮೀಟರ್ ತಿನ್ನುವುದರಿಂದ, 12 ಇಂಚಿಗೆ ತುಸು ಕಡಿಮೆ ಅಗಲದ ನಾಲ್ಕು ಪಟ್ಟಿಗಳು ಸಿಗುತ್ತವೆ. ಎರಡು ಪಟ್ಟಿಗಳಲ್ಲಿ 6 ಅಡಿ ಎತ್ತರದ ಎರಡು ಪಕ್ಕಗಳು, ಉಳಿದೆರಡರಲ್ಲಿ ಎರಡೂವರೆ ಅಡಿಯ ಆರು ಅಡ್ಡ ಹಲಗೆಗಳು ಬರುತ್ತವೆ. ಹಿಂಬದಿಯ ತೆಳು ಹಲಗೆಯೊಂದನ್ನು ಬಿಟ್ಟರೆ ಇಡೀ ಕಪಾಟು ಒಂದೇ ಹಾಳೆಯಲ್ಲಿ ಮುಗಿಯುತ್ತದೆ. ಅದೇ ಕಪಾಟನ್ನು 3 ಅಡಿ ಅಗಲ ಮಾಡಲು ಹೊರಟರೆ ಪಟ್ಟಿಗೆ ಎರಡೇ ಅಡ್ಡ ಹಲಗೆ ಸಿಕ್ಕಿ, 2 ಅಡಿಯ ತುಂಡು ವ್ಯರ್ಥವಾಗಿ, ಎರಡನೆಯ ಹಾಳೆ ತರಬೇಕಾಗುತ್ತದೆ. ಅರ್ಧ ಅಡಿಯ ಆಸೆಗೆ ಇನ್ನೊಂದು ಹಾಳೆಯ ಖರ್ಚು!

ಅಗಲ ಹೆಚ್ಚಿಸದಿರಲು ಇನ್ನೊಂದು ಕಾರಣವೂ ಇದೆ. ಹಲಗೆಯ ತುಂಬ ಪುಸ್ತಕ ಜೋಡಿಸಿದಾಗ, ಉದ್ದ ಎರಡರಷ್ಟಾದರೆ ಅದು ಬಾಗುವುದು ಹದಿನಾರು ಪಟ್ಟು. ದಪ್ಪವನ್ನು ಎರಡರಷ್ಟು ಮಾಡಿದರೆ ಬಾಗು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ 18 ಮಿಲಿಮೀಟರ್ ದಪ್ಪದ ಹಲಗೆಗೆ ಎರಡೂವರೆ ಅಡಿಯನ್ನೇ ಗಡಿಯಾಗಿ ಇಟ್ಟುಕೊಳ್ಳಿ.

ಮೇಜಿನ ಮಾತು ಬೇರೆ. ಗಟ್ಟಿಮರದ ಮೇಜಿನ ಬೆಲೆಯಲ್ಲಿ ದೊಡ್ಡ ಪಾಲು ಬಡಗಿಯ ಕೂಲಿ, ಪಾಲಿಶ್, ಸಾಗಣೆ, ಅಂಗಡಿಯ ಲಾಭ. ಮರದ ಪಾಲು ನಾವು ಎಣಿಸುವಷ್ಟು ಇರುವುದಿಲ್ಲ. 4 ಅಡಿ ಉದ್ದ, 2 ಅಡಿ ಅಗಲ, 1 ಇಂಚು ದಪ್ಪದ ಮೇಲ್ಹಲಗೆಗೆ ಒಂದು ಘನ ಅಡಿಯ ಮೂರನೆಯ ಎರಡು ಭಾಗ ಮರ ಸಾಕು. ಎರಡೂವರೆ ಇಂಚಿನ ನಾಲ್ಕು ಕಾಲುಗಳು, ಅವನ್ನು ಕೂಡಿಸುವ ಅಡ್ಡಪಟ್ಟಿಗಳು ಸೇರಿ ಸುಮಾರು 1.35 ಘನ ಅಡಿಯಾಗುತ್ತದೆ. ಕೀಸುವಾಗ, ಗಂಟು ಬಿರುಕುಗಳನ್ನು ತೆಗೆಯುವಾಗ ಹೋಗುವುದಕ್ಕೆ ನಾಲ್ಕನೇ ಒಂದು ಪಾಲು ಸೇರಿಸಿದರೂ 1.7ಕ್ಕೆ ನಿಲ್ಲುತ್ತದೆ. ನಿಮ್ಮಲ್ಲಿನ ಮರದ ದರದಿಂದ ಇದನ್ನು ಗುಣಿಸಿ, ಅದೇ ಜಾತಿಯ ಮರದ ಸಿದ್ಧ ಮೇಜಿನ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಪಾರ್ಟಿಕಲ್ ಬೋರ್ಡಿನ ಮೇಜಿಗೆ ಹೋಲಿಸಿದರೆ ಆ ಲೆಕ್ಕ ನ್ಯಾಯವಾಗುವುದಿಲ್ಲ.

ಈ ಉಳಿತಾಯವನ್ನು ನುಂಗುವುದು ಹತ್ಯಾರಗಳು ಮತ್ತು ಮೊದಲ ತಪ್ಪುಗಳು. ನನ್ನ ಮೊದಲ ಮೇಜಿನ ಮೇಲ್ಹಲಗೆಯನ್ನು ಅಲುಗದಂತೆ ಸ್ಕ್ರೂಗಳಿಂದ ಬಿಗಿದಿದ್ದೆ. ಮರವು ಗಾಳಿಯ ತೇವಕ್ಕೆ ತಕ್ಕಂತೆ ಎಳೆಗೆ ಅಡ್ಡಲಾಗಿ ಹಿಗ್ಗಿ ಕುಗ್ಗುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಒಣಹವೆ ಬಂದಾಗ ಹಲಗೆ ನಡುವೆ ಸೀಳಿತು, ಮತ್ತೆ ಮರ ತರಬೇಕಾಯಿತು. ಅಡ್ಡಪಟ್ಟಿಯಲ್ಲಿ ಸ್ಕ್ರೂವಿನ ತೂತನ್ನು ಉದ್ದುದ್ದವಾಗಿ ಕೊರೆದಿದ್ದರೆ ಆ ನಷ್ಟವೇ ಇರುತ್ತಿರಲಿಲ್ಲ. ಗರಗಸ, ಮೂಲೆಮಟ್ಟ, ಉಳಿಗಳನ್ನು ಕೊಳ್ಳಿ, ಅವು ಜೀವಮಾನವಿಡೀ ಬರುತ್ತವೆ. ಡ್ರಿಲ್ಲನ್ನೂ ಹಲಗೆಗಳನ್ನು ಬಿಗಿಹಿಡಿಯುವ ಕ್ಲಾಂಪುಗಳನ್ನೂ ನಾನೇ ಕಳುಹಿಸಿಕೊಡುತ್ತೇನೆ, ಒಂದೇ ಮೇಜಿಗಾಗಿ ಅವನ್ನು ಕೊಂಡರೆ ನೀವು ಉಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ. ಭಾವನವರಿಗೆ ನಾಲ್ಕೈದು ರಜಾದಿನಗಳು ಹಿಡಿಯುತ್ತವೆ ಎಂದೂ ಈಗಲೇ ಹೇಳಿಬಿಡಿ.

ಕಪಾಟು ನಿಲ್ಲಬೇಕಾದ ಗೋಡೆಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಅಳೆದು ಕಳುಹಿಸಿ. ಸಿದ್ಧ ಕಪಾಟು ಅಲ್ಲಿ ಕೂರದಿದ್ದರೆ, ಒಂದೇ ಹಾಳೆಯಲ್ಲಿ ಮುಗಿಯುವಂತೆ ಕತ್ತರಿಸುವ ನಕ್ಷೆಯನ್ನು ಬರೆದುಕೊಡುತ್ತೇನೆ.