ಸಹಾಯ ಬೇಕು: 'ದಾನ್' ಎಂಬ ಹೀಬ್ರೂ ಹೆಸರಿನ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನ ಸಂಡೇ ಸ್ಕೂಲ್ ಮಕ್ಕಳಿಗಾಗಿ ಬೈಬಲ್ ಹೆಸರುಗಳ ಪುಟ್ಟ ಪುಸ್ತಕ ಮಾಡುತ್ತಿದ್ದೇನೆ. ಈಗ 'ದಾನ್' ಬರೆಯಬೇಕು. ಹೀಬ್ರೂವಿನಲ್ಲಿ ಎರಡೇ ಅಕ್ಷರ, ದಾಲೆತ್ ಮತ್ತು ನೂನ್. ಆದರೆ ಎಲ್ಲಿ ನೋಡಿದರೂ ಇದೇ ಹೆಸರು!

ಯಾಕೋಬನ ಹೆಂಡತಿ ರಾಹೇಲಳ ದಾಸಿ ಬಿಲ್ಹಾ ಯಾಕೋಬನಿಗೆ ಹೆತ್ತ ಮಗ ದಾನ್. ದೇವರು ನನಗೆ ನ್ಯಾಯ ತೀರಿಸಿದ ಅಂತ ರಾಹೇಲಳು ಇಟ್ಟ ಹೆಸರು. ಅವನ ಕುಲವೂ ದಾನ್. ಮಹಾ ಬಲಶಾಲಿ ಸಂಸೋನ ಇದೇ ಕುಲದವನು. ಅವರಿಗೆ ಮೊದಲು ಸಿಕ್ಕಿದ್ದು ಯೊಪ್ಪದ (ಇಂದಿನ ತೆಲ್ ಅವೀವ್ ಪಕ್ಕದ ಯಾಫೊ) ಕಡೆಯ ನೆಲ. ಅಲ್ಲಿ ನೆಲೆ ನಿಲ್ಲಲಾಗದೆ ಉತ್ತರಕ್ಕೆ ಹೋಗಿ ಲಯಿಷ್ ಪಟ್ಟಣ ಹಿಡಿದರು, ಅದಕ್ಕೂ ದಾನ್ ಅಂತಲೇ ಹೆಸರಿಟ್ಟರು. 'ದಾವೀದನ ಮನೆ' (ಅಂದರೆ ದಾವೀದ ರಾಜನ ವಂಶ) ಎಂದು ಕೆತ್ತಿದ ಅರಾಮಿಕ್ ಶಾಸನದ ತುಂಡು 1993ರಲ್ಲಿ ಸಿಕ್ಕಿದ್ದು ಅಲ್ಲೇ. ಮಕ್ಕಳಿಗೆ ಇದನ್ನು ಹೇಳಲೇಬೇಕು ಅಂತ ನನಗೆ ಆಸೆ. ಆ ಪಟ್ಟಣದ ಪಕ್ಕದಲ್ಲಿ ಹುಟ್ಟಿ ಯೊರ್ದನ್ ನದಿ ಸೇರುವ ಹೊಳೆಯೂ ದಾನ್. ತೆಲ್ ಅವೀವ್ ಸುತ್ತಲಿನ ಪ್ರದೇಶ ಇವತ್ತಿಗೂ 'ಗುಶ್ ದಾನ್', ಅಲ್ಲಿನ ಬಸ್ ಕಂಪನಿಯ ಹೆಸರೂ ದಾನ್.

ಇಸ್ರೇಲಿನಲ್ಲಿ ಕೆಲಸ ಮಾಡುವ ಮಂಗಳೂರು ಕಡೆಯವರು ಯಾರಾದರೂ ಇದ್ದೀರಾ? ಅಲ್ಲಿನ ಜನ ಇದನ್ನು ಹೇಗೆ ಉಚ್ಚರಿಸುತ್ತಾರೆ ಅಂತ ಒಂದು ವಾಯ್ಸ್ ಮೆಸೇಜ್ ಕಳಿಸಿ. ಈಗಲೂ ಮಕ್ಕಳಿಗೆ ದಾನ್ ಅಂತ ಹೆಸರಿಡುವುದು ಜಾಸ್ತಿಯಾ? ತೆಲ್ ದಾನ್‌ನಲ್ಲಿ (ಆ ಹಳೆಯ ದಾನ್ ಪಟ್ಟಣದ ಅವಶೇಷಗಳಿರುವ ದಿಬ್ಬ) ನೀವೇ ತೆಗೆದ ಫೋಟೋ ಇದ್ದರೆ ದಯವಿಟ್ಟು ಕೊಡಿ, ಪುಸ್ತಕದಲ್ಲಿ ಹಾಕುತ್ತೇನೆ.